ದೋಹಾದಲ್ಲಿ ತಿದ್ದಿದ ಚಿಮಟ

ಚಿಮಟ ಹೋದದ್ದು ದೋಹಾ ವಿಮಾನ ನಿಲ್ದಾಣದಲ್ಲಿ, ಬೆಳಿಗ್ಗೆ ಏಳರ ಸುಮಾರಿಗೆ, ವಿಮಾನ ಬದಲಿಸುವವರ ತಪಾಸಣೆಯ ಸಾಲಿನಲ್ಲಿ. ನಾನು ಆಗಲೇ ಆಚೆ ದಾಟಿ ಬೆಲ್ಟು ಕಟ್ಟಿಕೊಳ್ಳುತ್ತಿದ್ದೆ. ಹಿಂದಿನಿಂದ ಅಕ್ಕನ ದನಿ ಕೇಳಿತು.

"ಸರ, ಲಗೂ ಬರ್ರಿ ಇಲ್ಲಿ. ಈಕಿ ನನ್ನ ಚಿಮಟ ಕಸಗೊಂಡ್ಲು ನೋಡ್ರಿ."

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ಕುಪ್ಪೇಲೂರಿನವರು. ರಾಣೆಬೆನ್ನೂರಿನ ಒಂದು ಬೀಜದ ಕಂಪನಿಯಲ್ಲಿ ನಾನು ಮೇಲ್ವಿಚಾರಕ. ನಮ್ಮ ಬಲೆ ಹೊದಿಸಿದ ನೆಟ್‌ಹೌಸುಗಳಲ್ಲಿ ಟೊಮ್ಯಾಟೊ, ಮೆಣಸಿನಕಾಯಿ ಹೂವುಗಳಿಗೆ ಕೈಯಿಂದ ಪರಾಗ ಹಾಕುವ ಹೆಂಗಸರಲ್ಲಿ ಅವರದೇ ಮೇಲುಗೈ. ಅವರಿಗಿಂತ ಹಿರಿಯರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಾರೆ. ಟಾಂಜಾನಿಯಾದಲ್ಲಿ ಹೊಸದಾಗಿ ಶುರುವಾದ ತೋಟವೊಂದರಲ್ಲಿ ಹದಿನಾಲ್ಕು ಹೆಂಗಸರಿಗೆ ಈ ಕೆಲಸ ಕಲಿಸಬೇಕಿತ್ತು. ಕಲಿಸಲು ಅಕ್ಕ, ಅವರ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ನಾನು. ನಮ್ಮಿಬ್ಬರಿಗೂ ಅದು ಮೊದಲ ವಿಮಾನ.

ನಮ್ಮ ಕಡೆ ಈ ಕೆಲಸಕ್ಕೆ ಕ್ರಾಸಿಂಗ್ ಅಂತಲೇ ಹೆಸರು. ನಾಳೆ ಅರಳಲಿರುವ ಮೊಗ್ಗನ್ನು ಇವತ್ತೇ ಹುಡುಕಬೇಕು. ಎಸಳು ಬಿಡಿಸಿ ಒಳಗಿನ ಗಂಡು ಭಾಗವನ್ನಷ್ಟೇ ಚಿಮಟದಿಂದ ಎತ್ತಿ ತೆಗೆಯಬೇಕು. ನಡುವೆ ಕೂದಲೆಳೆಯಂಥ ಒಂದು ಹೆಣ್ಣು ಕಡ್ಡಿ ಉಳಿಯುತ್ತದೆ. ಮರುದಿನ ಬೆಳಿಗ್ಗೆ ಅದರ ತುದಿಗೆ ಬೇರೆ ತಳಿಯ ಪರಾಗ ಮುಟ್ಟಿಸಿದರೆ ಹೈಬ್ರಿಡ್ ಕಾಯಿ ಕಟ್ಟುತ್ತದೆ. ಕಡ್ಡಿಗೆ ತುಸು ಗಾಯವಾದರೂ ಹೂವು ಕೆಲವೇ ದಿನದಲ್ಲಿ ಉದುರುತ್ತದೆ. ಹಾಗಾಗಿ ಎಲ್ಲವೂ ಚಿಮಟದ ಮೇಲೆ. ಕ್ರಾಸಿಂಗ್ ಮಾಡುವ ಹೆಂಗಸರು ತಮ್ಮ ಚಿಮಟವನ್ನು ಇನ್ನೊಬ್ಬರ ಕೈಗೆ ಕೊಡುವುದಿಲ್ಲ, ಬೇರೆ ಪರಾಗ ಅಂಟೀತೆಂದು ನೆಲಕ್ಕೂ ಇಡುವುದಿಲ್ಲ. ದಾರ ಹಾಕಿ ಕೊರಳಿಗೆ ಕಟ್ಟಿಕೊಳ್ಳುತ್ತಾರೆ. ಅಕ್ಕನ ಚಿಮಟ ತಾಳಿಯ ಜೊತೆಗೇ ಇರುತ್ತಿತ್ತು. ಬೆಂಗಳೂರಿನ ತಪಾಸಣೆಯಲ್ಲಿ ಎರಡು ಪಿನ್ನು, ಒಂದು ಕಿವಿಗುಗ್ಗೆ ಕಡ್ಡಿಯ ನಡುವೆ ಅದನ್ನು ಕಂಡ ಹೆಂಗಸು ನಕ್ಕು ಬಿಟ್ಟುಕೊಟ್ಟಿದ್ದಳು. ಊರು ಬಿಡುವ ಮುಂಚೆಯೇ ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕಿ ಎಂದು ನಾನು ಹೇಳಬೇಕಿತ್ತು. ಕೊರಳಲ್ಲಿ ಚಿಮಟವಿಲ್ಲದ ಅಕ್ಕನನ್ನು ಒಮ್ಮೆಯೂ ನೋಡಿರಲಿಲ್ಲವಾದ್ದರಿಂದ ಅದೊಂದು ಸಾಮಾನು ಅಂತಲೇ ನನಗೆ ಹೊಳೆಯಲಿಲ್ಲ.

ದೋಹಾದ ತಪಾಸಣೆಯ ಹೆಂಗಸು ಒರಟಾಗಿ ಏನೂ ನಡೆದುಕೊಳ್ಳಲಿಲ್ಲ. ಇದರ ತುದಿ ಚೂಪು, ಒಳಗೆ ಒಯ್ಯುವಂತಿಲ್ಲ. ಬೇಕಾದರೆ ಆಚೆಯ ಕೌಂಟರಿಗೆ ಹೋಗಿ ನಿಮ್ಮ ಚೆಕ್-ಇನ್ ಸಾಮಾನಿಗೆ ಸೇರಿಸಬಹುದು, ಒಂದು ಗಂಟೆ ಹಿಡಿದೀತು. ಇಲ್ಲವಾದರೆ ಇಲ್ಲೇ ಬಿಡಿ ಎಂದಳು. ಇಂಗ್ಲಿಷಿನಲ್ಲಿ, ನನ್ನ ಕಡೆ ತಿರುಗಿ.

ಮುಂದಿನದನ್ನು ಈಗಲೇ ಹೇಳಿಬಿಡುತ್ತೇನೆ, ಹೇಳದೆ ಮುಂದೆ ಹೋಗಲು ಬಾಯಿ ಬರುವುದಿಲ್ಲ. ನಮ್ಮ ಮುಂದಿನ ವಿಮಾನಕ್ಕೆ ಇನ್ನೂ ಒಂಬತ್ತು ತಾಸು ಇತ್ತು. ಇಂಥ ಪ್ರಯಾಣಿಕರಿಗಾಗಿ ನಿಲ್ದಾಣದಿಂದ ಒಂದು ಬಸ್ಸು ಹೊರಡುತ್ತದೆ, ಮೂರು ತಾಸಿನಲ್ಲಿ ಊರು ತೋರಿಸಿ ವಾಪಸು ತಂದು ಬಿಡುತ್ತದೆ ಎಂದು ನಾನು ರಾಣೆಬೆನ್ನೂರಿನಲ್ಲೇ ಪತ್ತೆ ಮಾಡಿದ್ದೆ. ಎರಡು ತಿಂಗಳಿನಿಂದ ಫೋನಿನಲ್ಲಿ ಅದರ ವಿಡಿಯೋ ನೋಡಿ ನೋಡಿ ಹೆಂಡತಿಯಿಂದ ಬೈಸಿಕೊಂಡಿದ್ದೆ. ಇಬ್ಬರ ಹೆಸರಲ್ಲೂ ಕಾಗದಪತ್ರ ತಯಾರಿಟ್ಟಿದ್ದೆ. ಹೆಸರು ಖಚಿತಪಡಿಸಲು ಏಳೂವರೆಯೊಳಗೆ ಟೂರಿನ ಕೌಂಟರಿನಲ್ಲಿ ಇರಬೇಕಿತ್ತು. ನಾನು ಗಡಿಯಾರ ನೋಡಿದೆ. ಅಕ್ಕನನ್ನು ಒಂದು ಮಾತೂ ಕೇಳದೆ, ಇಲ್ಲೇ ಬಿಡುತ್ತೇವೆ ಎಂದು ಆಕೆಗೆ ಇಂಗ್ಲಿಷಿನಲ್ಲಿ ಹೇಳಿದೆ. ಅಕ್ಕನಿಗೆ ಕನ್ನಡದಲ್ಲಿ ಹೇಳಿದ್ದು ಬೇರೆ.

"ಇಲ್ಲಿ ಕಾಯ್ದೆ ಹಂಗ ಐತ್ರಿ ಅಕ್ಕಾರ. ಏನೂ ಮಾಡಾಕ ಬರೂದಿಲ್ಲ."

ಆಕೆ ಚಿಮಟವನ್ನು ದಾರದ ಸಮೇತ ಒಂದು ಡಬ್ಬಿಗೆ ಹಾಕಿದಳು. ಅಲ್ಲಿ ಉಗುರು ಕತ್ತರಿಗಳು, ಒಂದು ಸ್ಕ್ರೂಡ್ರೈವರು ಇದ್ದವು. ಅಕ್ಕ ಆ ಡಬ್ಬಿಯ ಹತ್ತಿರ ಸ್ವಲ್ಪ ಹೊತ್ತು ನಿಂತರು.

ಒಳಗೆ ಬಂದು ಒಂದು ಕುರ್ಚಿಯಲ್ಲಿ ಕೂತವರು, ನಾನು ಟೂರಿನ ಕೌಂಟರು ಯಾವ ಕಡೆ ಎಂದು ಕತ್ತು ಚಾಚಿ ಹುಡುಕುತ್ತಿರುವಾಗ ಹೇಳಿದರು: "ಸರ, ನಾ ಹೊಳ್ಳಿ ಊರಿಗೆ ಹೋಗ್ತೇನಿ. ನನಗ ತಿಕೀಟ ಮಾಡಿಸಿ ಕೊಡ್ರಿ."

"ಅಕ್ಕಾರ, ದೊಡ್ಡ ಪೆಟ್ಟಿಗ್ಯಾಗ ಹದಿನಾಲ್ಕು ಹೊಸಾ ಚಿಮಟ ಅದಾವಲ್ರಿ. ಅದರಾಗ ಒಂದು ತಗೊಂಡ್ರಾತು."

"ಅವನ್ನ ಊರಾಗ ಹಿಡಿದು ನೋಡೇನ್ರಿ. ಇಕ್ಕಳ ಇದ್ದಂಗ ಅದಾವ. ದಪ್ಪ ತಗಡು, ತಿಕ್ಕಿ ತಿಕ್ಕಿ ಹದಕ್ಕ ತರಾಕ ತಿಂಗಳು ಬೇಕು. ನಾಳಿಗೆ ನಾ ಅವರಿಗೆ ಹೂವು ಬಿಡಿಸಿ ತೋರಿಸಬೇಕು. ಕಡ್ಡಿ ಗಾಯ ಮಾಡಿ ತೋರಿಸಲೇನು?"

"ಮೊದಲನೇ ದಿನ ಒಂದೀಟು ಹೆಚ್ಚು ಕಡಿಮಿ ಆಗ್ತೈತಿ, ಯಾರೂ ಏನೂ ಅನ್ನಂಗಿಲ್ಲ."

"ಯಾರೂ ಅನ್ನಂಗಿಲ್ಲರೀ. ಅದ ನನಗ ಅಂಜಿಕಿ. ಆ ಹೆಣ್ಮಕ್ಳು ನನ್ನ ಕೈ ನೋಡಿ ಕಲಿತಾರ. ಮೊದಲನೇ ದಿನ ಜೋರು ಹಾಕಿ ಹಿಡಿಯೂದು ಕಲಿತ್ರ ಆ ಕೈ ಮುಂದ ಸುಧಾರಿಸೂದಿಲ್ಲ. ಅವರ ಹೂವು ಉದುರತಾವು, ಅವರನ್ನ ಕೆಲಸದಿಂದ ತಗೀತಾರ. ಪಾಪ ನನಗ ಬರ್ತೈತಿ."

ನಾನು ರಾಣೆಬೆನ್ನೂರಿಗೆ ಫೋನು ಹಚ್ಚಿದೆ. ನಮ್ಮ ಮ್ಯಾನೇಜರು ಮೊದಲಿನಿಂದಲೂ ಅಕ್ಕನನ್ನು ಕಳಿಸಲು ಒಲ್ಲೆ ಎಂದವರು. ಕೂಲಿ ಮಾಡುವ ಹೆಂಗಸನ್ನು ತರಬೇತುದಾರಳೆಂದು ಹೇಗೆ ಬರೆಯುವುದು ಎಂಬುದು ಅವರ ತಕರಾರು. ಬರೆಯದಿದ್ದರೆ ಬರುವುದಿಲ್ಲ ಎಂದು ಅಕ್ಕ, ಅಕ್ಕ ಇಲ್ಲದಿದ್ದರೆ ನಾನೂ ಹೋಗುವುದಿಲ್ಲ ಎಂದು ನಾನು ಹಟ ಹಿಡಿದು ಒಪ್ಪಿಸಿದ್ದೆವು. ಆಗ ಅಷ್ಟು ಧೈರ್ಯ ಮಾಡಿದವನು ಈಗ ಫೋನಿನಲ್ಲಿ ತೊದಲಿದೆ.

"ಚಿಮಟಕ್ಕ ಇಷ್ಟೊಂದು ರಗಳೆ ಏನ್ರೀ? ಯಾವ ಚಿಮಟ ಆದ್ರೇನು?" ಎಂದರು ಮ್ಯಾನೇಜರು.

ಅಕ್ಕ ಫೋನು ಇಸಿದುಕೊಂಡರು. "ಸಾಹೇಬ್ರ, ನೀವು ನಿಮ್ಮ ಚಾಳೀಸು ಬಿಟ್ಟು ನನ್ನ ಗಂಡನ ಚಾಳೀಸು ಹಾಕ್ಕೊಂಡು ಇವತ್ತಿನ ಪೇಪರ್ ಓದ್ರಿ. ಆಮ್ಯಾಲೆ ಮಾತಾಡೂಣು," ಎಂದು ಹೇಳಿ ಫೋನನ್ನು ನನಗೆ ಕೊಟ್ಟರು.

ಆಗ ನಾನು ಟೂರಿನ ಮಾತು ತೆಗೆದೆ. ಆ ಬಸ್ಸು ಹಳೆಯ ಮಾರುಕಟ್ಟೆಗೆ ಹೋಗುತ್ತದೆ, ಮಾರುಕಟ್ಟೆ ಎಂದ ಮೇಲೆ ಅಕ್ಕಸಾಲಿಗರು, ಗಡಿಯಾರ ರಿಪೇರಿಯವರು ಇರಲೇಬೇಕು, ಅವರ ಬಳಿ ಸಣ್ಣ ಚಿಮಟ ಇರಲೇಬೇಕು ಎಂದೆ. ಈ ವಿಚಾರ ಮೊದಲು ಬಂದದ್ದು ನೆಪವಾಗಿ; ಟೂರು ತಪ್ಪಬಾರದಲ್ಲ. ಬಾಯಿಂದ ಹೊರಗೆ ಬಂದ ಮೇಲೆ ನನಗೇ ನಿಜವೆನ್ನಿಸಿತು. ಅಕ್ಕ ನನ್ನನ್ನೇ ನೋಡಿ, "ಸಿಗಲಿಲ್ಲ ಅಂದ್ರ ತಿಕೀಟ ಮಾಡಸ್ತೀರಲ್ಲ?" ಎಂದು ಕೇಳಿ ಒಪ್ಪಿಸಿಕೊಂಡೇ ಎದ್ದರು. ಏಳೂವರೆಗೆ ಎರಡು ನಿಮಿಷ ಇರುವಾಗ ನಾವು ಕೌಂಟರಿನಲ್ಲಿದ್ದೆವು.

ಗೈಡ್ ಫಿಲಿಪೀನ್ಸ್ ಕಡೆಯ ಮಧ್ಯವಯಸ್ಸಿನ ಹೆಂಗಸು. ಗಿಡ್ಡ ದೇಹ, ಕೈಯಲ್ಲಿ ಮಡಚಿದ ಹಳದಿ ಕೊಡೆ. ಎಲ್ಲರ ಎದೆಗೂ ಒಂದೊಂದು ಸಂಖ್ಯೆಯ ಚೀಟಿ ಅಂಟಿಸಿದಳು. ಅಕ್ಕನಿಗೆ ಹದಿನಾರು, ನನಗೆ ಹದಿನೇಳು. ಹೆಸರು ಮರೆಯುತ್ತೇನೆ, ಸಂಖ್ಯೆ ಮರೆಯುವುದಿಲ್ಲ ಎಂದಳು. ಬಸ್ಸು ಹತ್ತಿದ ಮೇಲೆ ಒಮ್ಮೆ, ಹೊರಡುವ ಮುಂಚೆ ಇನ್ನೊಮ್ಮೆ ಎಣಿಸಿದಳು. ಎಣಿಸುವಾಗ ಬೆರಳು ತೋರಿಸುತ್ತಿರಲಿಲ್ಲ, ಒಬ್ಬೊಬ್ಬರ ಕಣ್ಣು ನೋಡಿ ಮುಂದೆ ಹೋಗುತ್ತಿದ್ದಳು. ಇಪ್ಪತ್ತು ವರ್ಷದಿಂದ ಮುಂಜಾನೆ ಟೆಂಪೋದಲ್ಲಿ ಆಳುಗಳನ್ನು ಎಣಿಸುವ ನನಗೆ ಇಷ್ಟು ಮರ್ಯಾದೆಯಿಂದ ಎಣಿಸುವುದು ಗೊತ್ತಿರಲಿಲ್ಲ.

ಜನವರಿಯ ಬಿಸಿಲು, ಹಿತವಾಗಿತ್ತು. ಊರು ಚೆಂದವೋ ಚೆಂದ. ಒಂದೊಂದು ಕಟ್ಟಡವೂ ಪಕ್ಕದ್ದರ ಹಾಗೆ ಇರಬಾರದೆಂದು ಹಟ ಹಿಡಿದು ನಿಂತಂತಿತ್ತು. ನಾನು ಬಾಯಿ ತೆರೆದು ನೋಡುತ್ತಿದ್ದೆ. ಅಕ್ಕ ಕಿಟಕಿಯಿಂದ ಬೇರೆಯದನ್ನೇ ಹುಡುಕುತ್ತಿದ್ದರು.

"ಇಲ್ಲಿ ಹೊಲ ಎಲ್ಲಿ ಅದಾವ್ರಿ?"

"ಇಲ್ಲರೀ ಅಕ್ಕಾರ. ಬರೇ ಉಸುಕು."

"ಮತ್ತ ಉಣ್ಣೂದೇನು?"

"ಎಲ್ಲಾ ಹೊರಗಿಂದ ಬರ್ತೈತಿ."

"ಹಂಗಾರ ಇವರು ತಿನ್ನೂ ಟೊಮ್ಯಾಟೊ ಹಣ್ಣಿಗೂ ಎಲ್ಲೋ ಒಬ್ಬಾಕಿ ಹೂವು ಬಿಡಿಸಾಕತ್ತಾಳ ಅನ್ನು," ಎಂದು ತಮಗೆ ತಾವೇ ಹೇಳಿಕೊಂಡರು.

ಮಾರುಕಟ್ಟೆ ತಲುಪಿದಾಗ ಗೈಡ್ ಕೊಡೆ ಎತ್ತಿ ಹೇಳಿದಳು: ಇಲ್ಲಿ ನಲವತ್ತು ನಿಮಿಷ. ಇದೇ ಬಾವಿಯ ಹತ್ತಿರ ಮರಳಿ ಸೇರಬೇಕು. ಆಮೇಲೆ ಒಂಬತ್ತು ನಿಮಿಷ ನಡೆದು ಬಸ್ಸಿಗೆ, ಅಲ್ಲಿಂದ ಸಮುದ್ರದ ದಂಡೆಗೆ, ಅಲ್ಲಿಂದ ನಿಲ್ದಾಣಕ್ಕೆ. ನಾನು ಅವಳ ಬಳಿ ಹೋಗಿ ಗಡಿಯಾರ ರಿಪೇರಿ ಅಂಗಡಿ ಎಲ್ಲಿದೆ ಎಂದು ಕೇಳಿದೆ. ಯಾಕೆ ಎಂದು ಕೇಳಿದಳು. ಎರಡು ಮಾತಿನಲ್ಲಿ ಹೇಳಿದೆ. ಅವಳು ಅಕ್ಕನ ಕೈ ನೋಡಿದಳು, ಎಡಕ್ಕೆ ಮೂರನೇ ಓಣಿ ಎಂದಳು.

ಮಸಾಲೆಯ ಓಣಿ ದಾಟಿಯೇ ಹೋಗಬೇಕಿತ್ತು. ಒಣಮೆಣಸಿನಕಾಯಿಯ ಚೀಲಗಳ ಮುಂದೆ ಅಕ್ಕನ ಕಾಲು ನಿಂತವು. ಅವರ ತಂಗಿಯನ್ನು ಬ್ಯಾಡಗಿಗೆ ಕೊಟ್ಟಿದೆ. ಕ್ರಾಸಿಂಗ್ ಇಲ್ಲದ ದಿನಗಳಲ್ಲಿ ಅಕ್ಕ ಅಲ್ಲಿಗೆ ಕಾಯಿಯ ತೊಟ್ಟು ಬಿಡಿಸಲು ಹೋಗುತ್ತಾರೆ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಮುರಿಯದೆ ಮಡಚಿ, ಮೂಸಿ, "ಬೀಜ ಭಾಳ, ಬಣ್ಣ ಕಡಿಮಿ. ನಮ್ಮ ಬ್ಯಾಡಗಿ ಕಾಯಿ ಅಲ್ಲ," ಎಂದು ತೀರ್ಪು ಕೊಟ್ಟು ಅಷ್ಟೇ ಮೃದುವಾಗಿ ಅದನ್ನು ಅದರ ಜಾಗಕ್ಕೆ ಇಟ್ಟರು. ಅಂಗಡಿಯವನಿಗೆ ಮಾತು ತಿಳಿಯಲಿಲ್ಲ, ಕೈ ತಿಳಿಯಿತು. ಎದ್ದು ನಿಂತು ಎದೆಗೆ ಕೈಯಿಟ್ಟುಕೊಂಡು ತಲೆ ಬಾಗಿದ.

ಗಡಿಯಾರದ ಅಂಗಡಿ ಒಂದು ಮಂಚದಷ್ಟು ಅಗಲ. ಒಳಗೆ ಹೈದರಾಬಾದಿನ ಕಡೆಯ ಮುದುಕರೊಬ್ಬರು, ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ. ಅಕ್ಕನಿಗೆ ಇಂಗ್ಲಿಷ್ ಬಾರದಿದ್ದರೂ ರಾಣೆಬೆನ್ನೂರಿನ ಸಂತೆಯ ಉರ್ದು ಚೆನ್ನಾಗಿ ಬರುತ್ತದೆ. ನಾನು ಸುಮ್ಮನೆ ಪಕ್ಕಕ್ಕೆ ನಿಂತೆ. ಮುದುಕರು ಗಾಜಿನ ಪೆಟ್ಟಿಗೆಯಿಂದ ಏಳೆಂಟು ಹೊಸ ಚಿಮಟ ತೆಗೆದು ಬಟ್ಟೆಯ ಮೇಲೆ ಹರವಿದರು. ಅಕ್ಕ ಒಂದೊಂದನ್ನೂ ಬೆಳಕಿಗೆ ಹಿಡಿದು ಮೆಲ್ಲಗೆ ಮುಚ್ಚಿ, ತುದಿಗಳು ಕೂಡುವುದನ್ನು ನೋಡಿದರು. ಆಮೇಲೆ ಸೀರೆಯ ಅಂಚಿನಿಂದ ಒಂದು ನೂಲೆಳೆ ಎಳೆದು, ಅದನ್ನು ಇನ್ನೂ ಸಣ್ಣ ಎಳೆಗಳಾಗಿ ಬಿಡಿಸಿ, ಒಂದನ್ನು ಚಿಮಟದಲ್ಲಿ ಹಿಡಿದರು. ಎಳೆ ತುಂಡಾಯಿತು. ಎರಡನೆಯ ಚಿಮಟದಲ್ಲೂ ತುಂಡಾಯಿತು. ಎಲ್ಲದರಲ್ಲೂ ತುಂಡಾಯಿತು.

ಮುದುಕರು ಆಸಕ್ತಿಯಿಂದ ನೋಡುತ್ತಿದ್ದವರು, ತಮ್ಮ ಬೆರಳಿನಲ್ಲಿದ್ದ ಹಳೆಯ ಚಿಮಟದಿಂದ ಅಂಥದೇ ಇನ್ನೊಂದು ಎಳೆ ಹಿಡಿದೆತ್ತಿ ತೋರಿಸಿದರು. ತುಂಡಾಗಲಿಲ್ಲ. ಅಕ್ಕನ ಮುಖ ಅರಳಿತು. ನಾನು ತಕ್ಷಣ, ಅದನ್ನೇ ಕೊಡಿ ಎಂದೆ. ಮುದುಕರು ಕೊಡುವುದಿಲ್ಲ ಎಂದರು. ನಾನು ಬಿಡಲಿಲ್ಲ, ನಾಳೆಯ ಕೆಲಸ, ಹದಿನಾಲ್ಕು ಜನ, ಸಮುದ್ರದಾಚೆಯ ಪ್ರಯಾಣ ಎಲ್ಲವನ್ನೂ ನನ್ನ ಹರಕು ಹಿಂದಿಯಲ್ಲಿ ಹೇಳಿ ಗೋಗರೆದೆ. ಮುದುಕರು ಬಹಳ ಹೊತ್ತು ಚಿಮಟ ನೋಡಿದರು, ಕೊನೆಗೆ ಅದನ್ನು ಬಟ್ಟೆಯಿಂದ ಒರೆಸಿ ಅಕ್ಕನ ಮುಂದೆ ಇಟ್ಟರು.

ಅಕ್ಕ ಮುಟ್ಟಲಿಲ್ಲ.

"ತಗೋರಿ ಅಕ್ಕಾರ, ಕೊಡಾಕತ್ತಾರಲ್ಲ!"

"ಸರ, ಸುಮ್ಕಿರ್ರಿ. ಇವತ್ತ ಮುಂಜಾನೆ ನನ್ನದು ಹೋಗೈತಿ. ಈಗ ಇವರದು ಕಸಗೊಂಡು ಹೋಗಲೇನು? ಇದು ಅವರ ಕೈಗೆ ಹದ ಆಗೈತಿ." ಮುದುಕರ ಕಡೆ ತಿರುಗಿ ಹೇಳಿದರು: "ಚಾಚಾ, ತುಮಾರಾ ಪತ್ಥರ್ ದೇವೋ."

ಕಲ್ಲು ಕೇಳಿದ್ದು ಅವರಿಗೆ ಸರಿಯಾಗಿ ಅರ್ಥವಾಯಿತು. ಎಣ್ಣೆ ಸವರಿದ ನುಣುಪಾದ ಸಾಣೆಕಲ್ಲು ಹೊರಗೆ ತೆಗೆದರು, ತಮ್ಮ ಸ್ಟೂಲು ಬಿಟ್ಟುಕೊಟ್ಟರು. ಅಕ್ಕ ಹೊಸದರಲ್ಲೇ ತೆಳು ತಗಡಿನದೊಂದು ಆರಿಸಿಕೊಂಡು ಕೂತರು.

ಆ ಕೆಲಸವನ್ನು ಅಷ್ಟು ಹತ್ತಿರದಿಂದ ನಾನು ನೋಡಿದ್ದು ಅದೇ ಮೊದಲು. ಇಪ್ಪತ್ತು ವರ್ಷ ಮೇಲ್ವಿಚಾರಣೆ ಮಾಡಿದ್ದೇನೆ, ಸಂಜೆ ಎಷ್ಟು ಹೂವು ಆಯಿತು ಎಂದು ಕೇಳಿದ್ದೇನೆಯೇ ಹೊರತು ಚಿಮಟ ಹೇಗೆ ಹದವಾಗುತ್ತದೆ ಎಂದು ಕೇಳಿಲ್ಲ. ಮೊದಲು ತುದಿಯ ಚೂಪನ್ನು ಉರುಟು ಮಾಡಿದರು, ಚುಚ್ಚಬಾರದು, ಹಿಡಿಯಬೇಕು. ಆಮೇಲೆ ಒಳಮೈಯನ್ನು ಕಲ್ಲಿನ ಅಂಚಿನಲ್ಲಿ ನಾಲ್ಕು ನಾಲ್ಕು ಸಲ ಎಳೆದು, ಬೆಳಕಿಗೆ ಹಿಡಿದು ನೋಡಿದರು. ಕೊನೆಗೆ ಬುಡದ ಬಾಗನ್ನು ತೆಳ್ಳಗೆ ಮಾಡತೊಡಗಿದರು, ಒತ್ತಿದರೆ ಒತ್ತಿದೆ ಅನ್ನಿಸದಷ್ಟು ಸಡಿಲವಾಗಬೇಕು. ಮುದುಕರು ಎಣ್ಣೆಯ ಹನಿ ಹಾಕುತ್ತಾ ಹೋದರು. ಇಬ್ಬರ ನಡುವೆ ಮಾತೇ ಇರಲಿಲ್ಲ. ಅಕ್ಕ ಕೈ ನಿಲ್ಲಿಸಿದಾಗ ಅವರು ಭೂತಗನ್ನಡಿ ಕೊಡುತ್ತಿದ್ದರು, ತಾವೂ ನೋಡಿ ಅವರು ತಲೆ ಅಲ್ಲಾಡಿಸಿದರೆ ಅಕ್ಕ ಮತ್ತೆ ಕಲ್ಲಿಗೆ ಹೋಗುತ್ತಿದ್ದರು. ನನ್ನ ಕಣ್ಣು ಗಡಿಯಾರದ ಮೇಲೆಯೇ ಇತ್ತು. ಆ ಅಂಗಡಿಯ ಗೋಡೆಯ ತುಂಬ ಗಡಿಯಾರ, ಒಂದೊಂದೂ ಒಂದೊಂದು ಹೊತ್ತು ತೋರಿಸುತ್ತಿತ್ತು.

ನಲವತ್ತು ನಿಮಿಷ ಮುಗಿಯಿತು. "ಅಕ್ಕಾರ, ನಡೀರಿ," ಎಂದೆ.

"ಇನ್ನೊಂದೀಟು ಐತ್ರಿ."

ಓಣಿಯ ತುದಿಯಲ್ಲಿ ಹಳದಿ ಕೊಡೆ ಕಾಣಿಸಿತು. ಅವಳ ಹಿಂದೆ ಹದಿನೈದು ಜನ. ನಮ್ಮನ್ನು ಹುಡುಕಿಕೊಂಡು ಎಲ್ಲರನ್ನೂ ಕರೆತಂದಿದ್ದಳು. ಹಿಂದೆ ದೊಡ್ಡ ಕ್ಯಾಮೆರಾದ ವಯಸ್ಸಾದ ಪ್ರಯಾಣಿಕನೊಬ್ಬ ಸಮುದ್ರದ ಬೆಳಕು ಹೋಗುತ್ತದೆ ಎಂದು ಗೊಣಗುತ್ತಿದ್ದ. ಅಕ್ಕನ ತೋಳು ಹಿಡಿದು ಎಬ್ಬಿಸಬೇಕು ಎಂದು ನನ್ನ ಕೈ ಅರ್ಧ ಎದ್ದಿತ್ತು. ಬೆಳಿಗ್ಗೆ ಇದೇ ಅವಸರದಲ್ಲಿ ನಾನು ಮಾಡಿದ್ದು ನೆನಪಾಗಿ ನಾಚಿಕೆಯಾಯಿತು. ಕೈ ಇಳಿಸಿದೆ. ಗೈಡಿಗೆ ಹೇಳಿದೆ: "ನೀವು ಹೋಗಿ. ಇವರ ಕೆಲಸ ಮುಗಿಯುವವರೆಗೆ ನಾವು ಏಳುವುದಿಲ್ಲ. ಟ್ಯಾಕ್ಸಿ ಹಿಡಿದು ನಿಲ್ದಾಣಕ್ಕೆ ಬರುತ್ತೇವೆ."

"ಹದಿನೇಳು ಜನರನ್ನು ಕರೆತಂದಿದ್ದೇನೆ, ಹದಿನೇಳು ಜನರನ್ನು ಒಪ್ಪಿಸಬೇಕು," ಎಂದಳು. ಕೋಪದಿಂದಲ್ಲ. ಅಂಗಡಿಯೊಳಗೆ ಬಗ್ಗಿ ಅಕ್ಕನ ಕೈ, ಕಲ್ಲು, ಮುದುಕರ ಮುಖ ನೋಡಿದಳು. ಎಷ್ಟು ನಿಮಿಷ ಎಂದಳು. ನಾನು ಅಕ್ಕನನ್ನು ಕೇಳಿ, ಹತ್ತು ಎಂದೆ. ಅವಳು ಫೋನು ತೆಗೆದು ಡ್ರೈವರಿಗೆ ಅವನ ಭಾಷೆಯಲ್ಲಿ ಏನೋ ಹೇಳಿದಳು. ಆಮೇಲೆ ಎಲ್ಲರ ಕಡೆ ತಿರುಗಿದಳು: ಬಸ್ಸು ದೂರದ ನಿಲುಗಡೆಯಿಂದ ಈ ಓಣಿಯ ಹಿಂದಿನ ಬಾಗಿಲಿಗೆ ಬರುತ್ತದೆ, ಒಂಬತ್ತು ನಿಮಿಷದ ನಡಿಗೆ ಉಳಿಯಿತು, ಸಮುದ್ರದಿಂದ ಒಂದು ನಿಮಿಷ ಮಾತ್ರ ಕಡಿಮೆ, ಅಲ್ಲಿಯವರೆಗೆ ಈ ಸಾಲಿನ ಹಳೆಯ ಬಾಗಿಲುಗಳ ಕೆತ್ತನೆ ತೋರಿಸುತ್ತೇನೆ, ಸಾಮಾನ್ಯವಾಗಿ ಇದಕ್ಕೆ ಸಮಯ ಸಿಗುವುದಿಲ್ಲ. ನಾನು ದಂಗಾದೆ. ಯಾರಿಗೂ ತೊಂದರೆಯಾಗದಂತೆ ಆ ಹತ್ತು ನಿಮಿಷವನ್ನು ಅವಳು ಹುಡುಕಿ ತೆಗೆದಿದ್ದಳು.

ಚಿಮಟಕ್ಕೆ ದುಡ್ಡು ಕೊಟ್ಟು ಬಂದು ಬಸ್ಸಿನಲ್ಲಿ ಕೂತ ಮೇಲೆ ನನಗೆ ಥಟ್ಟನೆ ನೆನಪಾಯಿತು. ಈ ಚಿಮಟವನ್ನೂ ಅದೇ ತಪಾಸಣೆಯ ಮೂಲಕವೇ ಒಯ್ಯಬೇಕಲ್ಲ! ಇಷ್ಟೊತ್ತು ಇದು ನನ್ನ ತಲೆಗೆ ಬಂದೇ ಇರಲಿಲ್ಲ. ಗೈಡಿನ ಬಳಿ ಹೋಗಿ ಹೇಳಿದೆ. ಅವಳಿಗೆ ಆಗಲೇ ಹೊಳೆದಿತ್ತು. ಡಬ್ಬಿಯಲ್ಲಿ ಹಾಕಿ ಹೊರಗಿನ ಕೌಂಟರಿನಲ್ಲಿ ಚೆಕ್-ಇನ್ ಸಾಮಾನಾಗಿ ಕೊಡಿ, ನಾನೇ ಕರೆದೊಯ್ಯುತ್ತೇನೆ ಎಂದಳು. "ಬೆಳಿಗ್ಗೆಯೂ ಹಾಗೆ ಮಾಡಬಹುದಿತ್ತು. ಯಾರೂ ನಿಮಗೆ ಹೇಳಲಿಲ್ಲವೆ?" ಎಂದು ಕೇಳಿದಳು. ನಾನು ಕಿಟಕಿಯ ಕಡೆ ನೋಡಿದೆ.

ಸಮುದ್ರದ ದಂಡೆಯಲ್ಲಿ ಎಲ್ಲರೂ ಹಾಯಿದೋಣಿಗಳ ಕಡೆ, ನೀರಾಚೆಯ ಎತ್ತರದ ಕಟ್ಟಡಗಳ ಕಡೆ ಓಡಿದರು. ಅಕ್ಕ ನಡುದಾರಿಯ ಹೂವಿನ ಮಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತರು. ನೇರಳೆ, ಬಿಳಿ ಪೆಟೂನಿಯಾ. "ಸರ, ಇದು ನಮ್ಮ ಟೊಮ್ಯಾಟೊ ಬಳಗದ್ದ ಅಲ್ರಿ? ಎಲಿ ಮುಟ್ಟಿದ್ರ ಹಂಗ ಅಂಟ್ತೈತಿ." ಹೌದು, ಅದೇ ಕುಲ. ಹೂವು ಮುಟ್ಟಬಾರದೆಂದು ಗೈಡ್ ಮೊದಲೇ ಎಚ್ಚರಿಸಿದ್ದಳು. ಈಗ ಅವಳೇ ಹೋಗಿ, ಬಾಡಿದ ಗಿಡ ಕಿತ್ತು ಹೊಸದು ನೆಡುತ್ತಿದ್ದ ತೋಟದ ಆಳನ್ನು ಕೇಳಿದಳು. ಅವನು ಎಸೆಯಲು ಇಟ್ಟಿದ್ದ ಗಿಡವೊಂದನ್ನು ಮಣ್ಣಿನ ಸಮೇತ ತಂದು ಅಕ್ಕನ ಮುಂದಿಟ್ಟ.

ನಾಳೆ ಅರಳಬೇಕಿದ್ದ ಮೊಗ್ಗನ್ನು ಅಕ್ಕ ಆರಿಸಿದರು. ಎಸಳನ್ನು ಉದ್ದಕ್ಕೆ ಸೀಳಿ ಬಿಡಿಸಿದರು. ಒಳಗೆ ಐದು ಗಂಡು ಕೇಸರ, ಇನ್ನೂ ಒಡೆದಿರಲಿಲ್ಲ. ಒಂದು, ಎರಡು, ಮೂರು ಎತ್ತಿದರು. ನಾಲ್ಕನೆಯದಕ್ಕೆ ನಡುವಿನ ಕಡ್ಡಿ ಬಾಗಿ ಅದರ ಮೈಮೇಲೆ ಗೀರು ಬಿತ್ತು.

ಅಕ್ಕ ಚಿಮಟವನ್ನು ಬೆಳಕಿಗೆ ಹಿಡಿದು, ದಂಡೆಯ ಕಟ್ಟೆಯ ನುಣುಪು ಕಲ್ಲಿಗೆ ಎಡತುದಿಯನ್ನು ಆರೇಳು ಸಲ ಎಳೆದು, ಸೆರಗಿನಿಂದ ಒರೆಸಿದರು. ಎರಡನೆಯ ಮೊಗ್ಗು. ಐದೂ ಬಂದವು, ಕಡ್ಡಿ ನೆಟ್ಟಗೆ ನಿಂತಿತು. ಮೂರನೆಯದು ಇನ್ನೂ ಬೇಗ. ನಾಲ್ಕನೆಯದನ್ನು ಗಿಡದ ಕಡೆ ನೋಡದೆ, ನನ್ನ ಕಡೆ ನೋಡುತ್ತಾ ಮಾಡಿದರು. ಆ ಹೊತ್ತಿಗೆ ಸಮುದ್ರಕ್ಕೆ ಬೆನ್ನು ಹಾಕಿ ಹದಿನೈದು ಜನ ನಮ್ಮ ಸುತ್ತ ನಿಂತಿದ್ದರು. ಗೊಣಗಿದ್ದ ಕ್ಯಾಮೆರಾದವನು ಮಂಡಿಯೂರಿ ಕೂತು ಅಕ್ಕನ ಬೆರಳುಗಳ ಚಿತ್ರ ತೆಗೆಯುತ್ತಿದ್ದ. ಯಾರೋ ಚಪ್ಪಾಳೆ ತಟ್ಟಿದರು. ಅಕ್ಕ ನಾಚಿಕೊಂಡು ಎದ್ದರು.

"ನಡೀರಿ ಸರ. ತಿಕೀಟ ಬ್ಯಾಡ."

ಟೂರಿನಲ್ಲಿ ನಾನು ಸಮುದ್ರವನ್ನು ಸರಿಯಾಗಿ ನೋಡಲೇ ಇಲ್ಲ, ಅದರ ಬಗ್ಗೆ ನನಗೆ ಕಿಂಚಿತ್ತೂ ಬೇಸರವಿಲ್ಲ. ಗೈಡ್ ಹೇಳಿದಂತೆ ಚಿಮಟವನ್ನು ಹತ್ತಿಯಲ್ಲಿ ಸುತ್ತಿ, ತಿಂಡಿಯ ಡಬ್ಬಿಯಲ್ಲಿಟ್ಟು, ಕೌಂಟರಿನಲ್ಲಿ ಕೊಟ್ಟೆವು. ರಾತ್ರಿ ಇಳಿದ ಊರಿನಲ್ಲಿ ಎಲ್ಲರ ಪೆಟ್ಟಿಗೆ ಬಂದ ಮೇಲೆ ಆ ಡಬ್ಬಿ ಒಂದೇ ಬಂತು. ನನ್ನ ಪ್ರಾಣ ಅಷ್ಟೊತ್ತೂ ಬೆಲ್ಟಿನ ಮೇಲೆ ತಿರುಗುತ್ತಿತ್ತು.

ಮರುದಿನ ಮಧ್ಯಾಹ್ನ ಅಕ್ಕ ಟೊಮ್ಯಾಟೊದ ಮೊದಲ ಸಾಲಿನಲ್ಲಿ ನಿಂತರು. ಹದಿನಾಲ್ಕು ಹೆಂಗಸರು ಸುತ್ತ. ಅಕ್ಕ ಕನ್ನಡದಲ್ಲಿ ಹೇಳುವುದು, ನಾನು ಇಂಗ್ಲಿಷಿನಲ್ಲಿ ಹೇಳುವುದು, ಅಲ್ಲಿಯ ಮೇಲ್ವಿಚಾರಕಿ ಸ್ವಾಹಿಲಿಯಲ್ಲಿ ಹೇಳುವುದು. ಸ್ವಲ್ಪ ಹೊತ್ತಿಗೆ ನಾನೂ ಆ ಮೇಲ್ವಿಚಾರಕಿಯೂ ಮಾತು ತಿರುಗಿಸುವುದನ್ನು ಬಿಟ್ಟೆವು. ಅವರು ಅಕ್ಕನ ಬೆರಳನ್ನಷ್ಟೇ ನೋಡುತ್ತಿದ್ದರು. ಆ ದಿನ ಅಕ್ಕ ಬಿಡಿಸಿದ ಹೂವುಗಳಿಗೆಲ್ಲ ಗುರುತು ಮಾಡಿದ್ದೆವು, ಮರುದಿನ ಬೆಳಿಗ್ಗೆ ಪರಾಗ ಹಾಕಿದೆವು.

ಹತ್ತನೆಯ ದಿನ ಎಲ್ಲರನ್ನೂ ಕರೆದುಕೊಂಡು ಆ ಸಾಲು ನೋಡಲು ಹೋದೆವು. ಗುರುತು ಇದ್ದಲ್ಲೆಲ್ಲ ಕಡಲೆಕಾಳಿನಷ್ಟು ಹಸಿರು ಕಾಯಿ ಕೂತಿತ್ತು. ಒಂದು ಮಾತ್ರ ಉದುರಿತ್ತು, ಬರೀ ತೊಟ್ಟು ಉಳಿದಿತ್ತು. ನಾನು ಅದನ್ನು ದಾಟಿ ಮುಂದೆ ಹೋದೆ. ಅಕ್ಕ ಅಲ್ಲೇ ನಿಂತು ಎಲ್ಲರನ್ನೂ ಕರೆದರು.

"ಇದನ್ನ ನೋಡ್ರಿ. ಇದು ಚಿಮಟದ ತಪ್ಪಲ್ಲ, ಗಿಡದ ತಪ್ಪಲ್ಲ. ಆವತ್ತ ನೀವೆಲ್ಲಾ ನೋಡಾಕತ್ತಿದ್ರಿ, ನಾ ಜಂಬ ತೋರಿಸಾಕ ಹೋಗಿ ಅವಸರ ಮಾಡಿದೆ. ತಪ್ಪು ನಂದು. ಸರ, ಹೇಳ್ರಿ ಅವರಿಗೆ."

ನಾನು ಹೇಳಿದೆ. ಆ ಹೆಂಗಸರು ಉದುರಿದ ತೊಟ್ಟನ್ನು ಬಗ್ಗಿ ಬಗ್ಗಿ ನೋಡುತ್ತಿದ್ದರು. ಅಲ್ಲೇ ನಿಂತು ಅಕ್ಕನಿಗೆ ದೋಹಾದ್ದನ್ನು ಹೇಳಿಬಿಟ್ಟೆ. ಚಿಮಟ ಉಳಿಸಲು ದಾರಿಯಿತ್ತು, ತಪಾಸಣೆಯ ಹೆಂಗಸು ನನ್ನನ್ನು ಕೇಳಿದ್ದಳು, ಟೂರು ತಪ್ಪೀತೆಂದು ನಾನೇ ಬಿಡಿಸಿದೆ, ನಿಮಗೆ ಸುಳ್ಳು ಹೇಳಿದೆ ಎಂದೆ.

ಅಕ್ಕನಿಗೆ ಇದು ಗೊತ್ತಿರಲಿಲ್ಲ. ಮುಖ ಕೆಂಪಾಯಿತು, ಆಮೇಲೆ ಇಳಿಯಿತು.

"ಹದಿನಾಲ್ಕು ವರ್ಷದ ಚಿಮಟ ಅದು, ಸರ. ನನ್ನ ಮಗಳ ಲಗ್ನ ಅದರ ದುಡಿಮಿ ಮ್ಯಾಲ ಆಗೈತಿ." ಕೈಯಲ್ಲಿದ್ದ ಹೊಸ ಚಿಮಟವನ್ನು ಸೆರಗಿನಿಂದ ಒರೆಸಿದರು. "ಆ ಮುದುಕರ ಅಂಗಡ್ಯಾಗ ನೀವು ಬಸ್ಸು ಬಿಟ್ಟು ನನ್ನ ಸಲುವಾಗಿ ನಿಂತ್ರಿ. ಅದನ್ನೂ ನೋಡೇನಿ. ಆದ್ರ ಅದರಾಗ ಇದನ್ನ ಮುರಕೊಳ್ಳಾಕ ಬರೂದಿಲ್ಲ. ಅದು ಅದ, ಇದು ಇದ."

"ಹೌದ್ರಿ," ಎಂದೆ.

ಹದಿನಾಲ್ಕು ಜನರೂ ನಮ್ಮಿಬ್ಬರನ್ನು ನೋಡುತ್ತಿದ್ದರು. ಅವರಲ್ಲೊಬ್ಬಳು ಏನೋ ಕೇಳಿದಳು. ಅಲ್ಲಿಯ ಮೇಲ್ವಿಚಾರಕಿ ನನ್ನ ಕಡೆ ತಿರುಗಿ, ನೀವಿಬ್ಬರು ಏನು ಮಾತಾಡಿದಿರಿ, ಈ ಹೂವಿನ ವಿಷಯವೇ ಎಂದು ಕೇಳುತ್ತಿದ್ದಾರೆ ಎಂದಳು. ಹೌದು, ಹೂವಿನ ವಿಷಯವೇ ಎಂದು ಹೇಳಿ ಮುಗಿಸಬಹುದಿತ್ತು. ಅಕ್ಕನಿಗೆ ತಿಳಿಯುತ್ತಲೂ ಇರಲಿಲ್ಲ.

ನಾನು ಮೊದಲಿನಿಂದ ಶುರುಮಾಡಿದೆ. ಅಕ್ಕನ ಮಾತು, ನನ್ನ ಮಾತು, ಏಳೂವರೆಯ ಕೌಂಟರು, ಇಂಗ್ಲಿಷಿನಲ್ಲಿ ಒಂದು ಕನ್ನಡದಲ್ಲಿ ಇನ್ನೊಂದು ಹೇಳಿದ್ದು, ಒಂದಕ್ಷರವೂ ಬಿಡದೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ.